ಮತಗಟ್ಟೆಯ ಬಾಗಿಲಿನ ಫಲಿತಾಂಶ: ಜಿಂಬಾಬ್ವೆಯ ಚುನಾವಣೆಗಳ ಮೇಲೆ ಹೊರಗಿನ ಒತ್ತಡ, 2002–2013

ಪ್ರಜಾಪ್ರಭುತ್ವ ಮತ್ತು ಮಾನವ ಹಕ್ಕುಗಳಿಗೆ ತಾವು ಬದ್ಧವೆಂದು ಕಾಮನ್‌ವೆಲ್ತ್ ರಾಷ್ಟ್ರಗಳು 1991ರಲ್ಲಿ ಹರಾರೆಯಲ್ಲಿ ಸಾರಿದವು. ಆ ಘೋಷಣೆಗೆ ಆತಿಥ್ಯ ನೀಡಿದ ಜಿಂಬಾಬ್ವೆಯೇ 2002ರ ಮಾರ್ಚ್‌ನಲ್ಲಿ ಸಂಘಟನೆಯಿಂದ ಅಮಾನತುಗೊಂಡಿತು. ಆ ತಿಂಗಳ ಅಧ್ಯಕ್ಷೀಯ ಚುನಾವಣೆಯಲ್ಲಿ ಜನರ ಇಚ್ಛೆ ಮುಕ್ತವಾಗಿ ವ್ಯಕ್ತವಾಗುವ ವಾತಾವರಣ ಸಾಕಷ್ಟು ಇರಲಿಲ್ಲವೆಂದು ಕಾಮನ್‌ವೆಲ್ತ್ ವೀಕ್ಷಕರು ವರದಿ ಮಾಡಿದ್ದರು. ಅದೇ ಚುನಾವಣೆಯನ್ನು ದಕ್ಷಿಣ ಆಫ್ರಿಕಾದ ವೀಕ್ಷಕ ತಂಡ ನ್ಯಾಯಸಮ್ಮತವೆಂದಿತು. ಹೊರಗಿನವರು ಒಂದೇ ದನಿಯಲ್ಲಿ ಮಾತನಾಡದಿದ್ದುದರ ಲಾಭ ಅಧ್ಯಕ್ಷ ರಾಬರ್ಟ್ ಮುಗಾಬೆಗೆ ಮುಂದಿನ ಹಲವು ವರ್ಷ ದಕ್ಕಿತು. 2003ರ ಡಿಸೆಂಬರ್‌ನಲ್ಲಿ ಅಮಾನತು ಮುಂದುವರಿದಾಗ ಜಿಂಬಾಬ್ವೆ ತಾನಾಗಿಯೇ ಕಾಮನ್‌ವೆಲ್ತ್ ತೊರೆಯಿತು.

ಅಮೆರಿಕ 2001ರ ಡಿಸೆಂಬರ್‌ನಲ್ಲಿ ಕಾನೂನೊಂದನ್ನು ತಂದು, ಅಂತರರಾಷ್ಟ್ರೀಯ ಹಣಕಾಸು ಸಂಸ್ಥೆಗಳು ಜಿಂಬಾಬ್ವೆಗೆ ಸಾಲ ಕೊಡುವುದನ್ನು ವಿರೋಧಿಸಲು ತನ್ನ ಪ್ರತಿನಿಧಿಗಳಿಗೆ ಸೂಚಿಸಿತು. ಐರೋಪ್ಯ ಒಕ್ಕೂಟ 2002ರ ಫೆಬ್ರವರಿಯಲ್ಲಿ ಮುಗಾಬೆ ಮತ್ತು ಆಪ್ತರ ಪ್ರಯಾಣವನ್ನು ನಿಷೇಧಿಸಿ, ಅವರ ಆಸ್ತಿಗಳನ್ನು ತಡೆಹಿಡಿಯಿತು. ಈ ಕ್ರಮಗಳು ಆಡಳಿತದ ನಡೆ ಬದಲಿಸಲಿಲ್ಲ. ಬದಲಿಗೆ ಅದಕ್ಕೊಂದು ವಾದವನ್ನು ಒದಗಿಸಿದವು. ವಸಾಹತು ಕಾಲದಿಂದ ಬಿಳಿಯ ರೈತರ ಕೈಯಲ್ಲಿದ್ದ ಭೂಮಿಯನ್ನು 2000ದಿಂದ ವಶಪಡಿಸಿಕೊಂಡದ್ದಕ್ಕೆ ಬ್ರಿಟನ್ ಸೇಡು ತೀರಿಸಿಕೊಳ್ಳುತ್ತಿದೆ ಎಂಬುದು ಆ ವಾದ. ಭೂಮಿಯ ಅನ್ಯಾಯ ನಿಜವಾದುದರಿಂದಲೇ ನೆರೆಯ ರಾಜಧಾನಿಗಳಲ್ಲಿ ಅದಕ್ಕೆ ಕಿವಿಗಳಿದ್ದವು.

ಹೆಚ್ಚು ಫಲ ಕೊಟ್ಟದ್ದು ಅಷ್ಟಾಗಿ ಗಮನಕ್ಕೆ ಬಾರದ ಒತ್ತಡ. 2007ರ ಮಾರ್ಚ್‌ನಲ್ಲಿ ವಿರೋಧ ಪಕ್ಷವಾದ ಎಂಡಿಸಿಯ ನಾಯಕ ಮಾರ್ಗನ್ ಸ್ವಾಂಗಿರಾಯಿ ಪೊಲೀಸರ ವಶದಲ್ಲಿ ತೀವ್ರ ಹಲ್ಲೆಗೊಳಗಾದರು. ಅದೇ ತಿಂಗಳು ದಾರ್ ಎಸ್ ಸಲಾಮ್‌ನಲ್ಲಿ ಸೇರಿದ ದಕ್ಷಿಣ ಆಫ್ರಿಕಾ ಪ್ರದೇಶದ ರಾಷ್ಟ್ರಗಳ ಒಕ್ಕೂಟವಾದ ಎಸ್‌ಎಡಿಸಿ, ಮಧ್ಯಸ್ಥಿಕೆಯನ್ನು ದಕ್ಷಿಣ ಆಫ್ರಿಕಾದ ಅಧ್ಯಕ್ಷ ಥಾಬೊ ಎಂಬೆಕಿಗೆ ವಹಿಸಿತು. ಮುಗಾಬೆಯ ಬಗ್ಗೆ ಅವರು ಮೃದುವೆಂಬ ಟೀಕೆಯಲ್ಲಿ ಹುರುಳಿತ್ತು. ಆದರೂ ಆ ಮಾತುಕತೆಯಿಂದ ಬಂದ ಕಾನೂನು ತಿದ್ದುಪಡಿಯ ಒಂದು ಅಂಶಕ್ಕೆ ಇತಿಹಾಸದಲ್ಲಿ ಸಿಗಬೇಕಾದ ಮಹತ್ವ ಸಿಕ್ಕಿಲ್ಲ: ಪ್ರತಿ ಮತಗಟ್ಟೆಯ ಎಣಿಕೆಯನ್ನು ಅಲ್ಲೇ ಹೊರಗೆ ಅಂಟಿಸಬೇಕು. 2008ರ ಮಾರ್ಚ್ 29ರ ಮತದಾನದ ನಂತರ ಪಕ್ಷದವರೂ ಸ್ಥಳೀಯ ವೀಕ್ಷಕರೂ ಆ ಹಾಳೆಗಳಿಂದ ತಮ್ಮದೇ ಲೆಕ್ಕ ಕಟ್ಟಿದರು. ಚುನಾವಣಾ ಆಯೋಗ ಅಧ್ಯಕ್ಷೀಯ ಫಲಿತಾಂಶವನ್ನು ಮೇ 2ರವರೆಗೆ ತಡೆಹಿಡಿದರೂ ಮುಗಾಬೆ ಹಿಂದೆ ಬಿದ್ದುದನ್ನು ಅಳಿಸಲು ಸಾಧ್ಯವಾಗಲಿಲ್ಲ. ಸ್ವಾಂಗಿರಾಯಿಗೆ ಶೇ. 47.9, ಮುಗಾಬೆಗೆ ಶೇ. 43.2. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಸಿಗದ ಕಾರಣ ಎರಡನೇ ಸುತ್ತು ಅನಿವಾರ್ಯವಾಯಿತು.

ನಡುವಿನ ವಾರಗಳು ಕ್ರೂರವಾಗಿದ್ದವು. ಹಳ್ಳಿಗಳಲ್ಲಿ ಎಂಡಿಸಿ ಬೆಂಬಲಿಗರನ್ನು ಹೊಡೆಯಲಾಯಿತು, ಮನೆಗಳನ್ನು ಸುಡಲಾಯಿತು, ಹಲವರನ್ನು ಕೊಲ್ಲಲಾಯಿತು. ಏಪ್ರಿಲ್‌ನಲ್ಲಿ ಜಿಂಬಾಬ್ವೆಗೆ ಶಸ್ತ್ರಾಸ್ತ್ರ ಹೊತ್ತ ಚೀನಾದ ಹಡಗು ಡರ್ಬನ್ ತಲುಪಿದಾಗ ಅಲ್ಲಿನ ಸಾರಿಗೆ ಕಾರ್ಮಿಕರ ಸಂಘ ಸರಕು ಇಳಿಸಲು ನಿರಾಕರಿಸಿತು. ನ್ಯಾಯಾಲಯವೂ ಅದರ ಸಾಗಣೆಯನ್ನು ತಡೆಯಿತು. ಸರ್ಕಾರಗಳು ಹಿಂಜರಿದಾಗ ಬಂದರಿನ ಕೂಲಿಗಳು ತೋರಿದ ಈ ನಿಲುವು ಇಡೀ ಪ್ರಕರಣದ ಅತ್ಯಂತ ಗೌರವಾರ್ಹ ಅಧ್ಯಾಯ.

ಮತದಾನಕ್ಕೆ ಐದು ದಿನ ಮೊದಲು ಸ್ವಾಂಗಿರಾಯಿ ಕಣದಿಂದ ಹಿಂದೆ ಸರಿದರು. ಜೂನ್ 27ರ ಮತದಾನದಲ್ಲಿ ಮುಗಾಬೆ ಶೇ. 85ಕ್ಕೂ ಹೆಚ್ಚು ಮತ ಪಡೆದರೆಂದು ಘೋಷಿಸಲಾಯಿತು. ಈ ಸುತ್ತು ಜನರ ಇಚ್ಛೆಯನ್ನು ಪ್ರತಿನಿಧಿಸುವುದಿಲ್ಲವೆಂದು ಎಸ್‌ಎಡಿಸಿ ವೀಕ್ಷಕರೇ ಹೇಳಿದಾಗ, ಇದು ಪಾಶ್ಚಾತ್ಯರ ಪಿತೂರಿ ಎಂಬ ಹಳೆಯ ಉತ್ತರ ಸಾಲದಾಯಿತು. ಜುಲೈ 11ರಂದು ಭದ್ರತಾ ಮಂಡಳಿಯ ಮುಂದೆ ಬಂದ ನಿರ್ಬಂಧಗಳ ನಿರ್ಣಯವನ್ನು ರಷ್ಯಾ ಮತ್ತು ಚೀನಾ ವೀಟೊದಿಂದ ತಡೆದವು. ದಕ್ಷಿಣ ಆಫ್ರಿಕಾವೂ ವಿರುದ್ಧ ಮತ ಹಾಕಿತು.

ಸೆಪ್ಟೆಂಬರ್ 15ರಂದು ಇಬ್ಬರ ನಡುವೆ ಆದ ಅಧಿಕಾರ ಹಂಚಿಕೆಯ ಒಪ್ಪಂದ ಸ್ವಾಂಗಿರಾಯಿಗೆ ಪ್ರಧಾನಿ ಸ್ಥಾನ ಕೊಟ್ಟಿತು, ಸೇನೆಯನ್ನು ಮುಗಾಬೆಯ ಹಿಡಿತದಲ್ಲೇ ಬಿಟ್ಟಿತು. ಒಪ್ಪಂದದ ಮೂಲ ದೋಷ ಇದೇ. 2013ರ ಮಾರ್ಚ್‌ನಲ್ಲಿ ಹೊಸ ಸಂವಿಧಾನಕ್ಕೆ ಜನಮತ ಸಿಕ್ಕ ಬೆನ್ನಲ್ಲೇ ಐರೋಪ್ಯ ಒಕ್ಕೂಟ ಬಹುಪಾಲು ವ್ಯಕ್ತಿಗಳ ಮೇಲಿನ ನಿರ್ಬಂಧವನ್ನು ಅಮಾನತಿನಲ್ಲಿಟ್ಟಿತು. ನಾಲ್ಕು ತಿಂಗಳ ನಂತರದ ಚುನಾವಣೆಯಲ್ಲಿ, ಮತದಾರರ ಪಟ್ಟಿಯ ಬಗ್ಗೆ ಗಂಭೀರ ಆಕ್ಷೇಪಗಳ ನಡುವೆ, ಮುಗಾಬೆ ಶೇ. 61 ಮತಗಳೊಂದಿಗೆ ಅಧಿಕಾರ ಉಳಿಸಿಕೊಂಡರು.