ಪಿನ್ನು ಒಂದು, ಕೆಲಸ ಹಲವು

ಚಿಕ್ಕ ಮನೆಗಳಲ್ಲಿ ಪಡಸಾಲೆ ಒಂದೇ ಆದರೂ ಅದರ ಕೆಲಸ ಹಲವು. ಬೆಳಿಗ್ಗೆ ಮಕ್ಕಳ ಓದು, ಮಧ್ಯಾಹ್ನ ಊಟದ ಎಲೆ, ಸಂಜೆ ಬಂದವರಿಗೆ ಕಾಫಿ, ರಾತ್ರಿ ಹಾಸಿಗೆ. ಯಾವ ಹೊತ್ತಿಗೆ ಅದು ಏನಾಗಬೇಕೆಂಬುದು ಮನೆಯಾಕೆಗೆ ಗೊತ್ತು, ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಮೊಬೈಲ್ ಫೋನಿನಂಥ ಯಂತ್ರಗಳಿಗೂ ಒಂದು ಕಾಲದಲ್ಲಿ ಹೀಗೇ ಇತ್ತೆಂದರೆ ನೀವು ನಗಬಹುದು.

ಫೋನಿನೊಳಗಿನ ಚಿಪ್ಪಿಗೆ ಹೊರಗಿನೊಡನೆ ವ್ಯವಹರಿಸಲು ಲೋಹದ ಪಿನ್ನುಗಳಿರುತ್ತವೆ. ಚಿಪ್ಪು ಮಾಡಬಲ್ಲ ಕೆಲಸ ಬಹಳ, ಪಿನ್ನುಗಳಿಗೆ ಜಾಗ ಕಡಿಮೆ. ಹಾಗಾಗಿ ಒಂದೇ ಪಿನ್ನಿಗೆ ಹಲವು ಪಾತ್ರ. 2012ರಲ್ಲಿ ಇಂಗ್ಲೆಂಡಿನಿಂದ ಬಂದ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಕಂಪ್ಯೂಟರನ್ನೇ ನೋಡಿ. ಅದರ ಚಿಪ್ಪಿನಲ್ಲಿ ಇಂಥ ಬಹುಪಾತ್ರದ ಗೆರೆಗಳು 54. ಪ್ರತಿಯೊಂದೂ ಸಂಕೇತವನ್ನು ಒಳಗೆ ತರಬಹುದು, ಹೊರಗೆ ಕಳಿಸಬಹುದು, ಇಲ್ಲವೇ ಬೇರೆ ಆರು ಪಾತ್ರಗಳವರೆಗೆ ವಹಿಸಬಹುದು. ಚಿಪ್ಪಿನೊಳಗಿನ ಪುಟ್ಟ ಖಾನೆಯೊಂದರಲ್ಲಿ ಬರೆದ ಅಂಕಿಯಿಂದ ಅದು ತೀರ್ಮಾನವಾಗುತ್ತದೆ. ವಿದ್ಯುತ್ ಹಾಕಿದ ಗಳಿಗೆಯಲ್ಲಿ ಎಲ್ಲವೂ ಸುಮ್ಮನೆ ಕಿವಿಗೊಟ್ಟು ಕೂತಿರುತ್ತವೆ. ನೀನು ಇಂಥದು, ನೀನು ಇಂಥದು ಎಂದು ಮೊದಲು ಯಾರಾದರೂ ಹೇಳಬೇಕು.

ಹಾಗೆ ಹೇಳುವವರಲ್ಲಿ ಮುಖ್ಯವಾದದ್ದು ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ತಂತ್ರಾಂಶದ ತಿರುಳು. ಒಂದೊಂದು ಉಪಕರಣವನ್ನು ನೋಡಿಕೊಳ್ಳಲು ಅದರೊಳಗೆ ಡ್ರೈವರ್ ಎಂಬ ಪ್ರೋಗ್ರಾಮುಗಳಿರುತ್ತವೆ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್, ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಈ ತಾಪತ್ರಯವನ್ನು ಅಷ್ಟಾಗಿ ಕಾಣಲಿಲ್ಲ. ಅಲ್ಲಿ ಬಯಾಸ್ ಎಂಬ ತಂತ್ರಾಂಶ ಮೊದಲೇ ಬಹುಪಾಲು ಅಣಿಮಾಡಿಡುತ್ತಿತ್ತು. ಫೋನುಗಳ ಆರ್ಮ್ ಚಿಪ್ಪುಗಳು ಬಂದಾಗ ಕಷ್ಟ ಶುರುವಾಯಿತು. ಒಂದೊಂದು ಕಂಪನಿಯೂ ಒಂದೊಂದು ಬೋರ್ಡಿಗೂ ತನ್ನದೇ ರೀತಿಯಲ್ಲಿ ಪಿನ್ನುಗಳ ಲೆಕ್ಕ ಬರೆಯಿತು. ಒಂದೇ ಕೆಲಸ ಹತ್ತಾರು ಕಡೆ, ಹತ್ತಾರು ಬಗೆ. ಬರೆದ ಎಂಜಿನಿಯರು ಕೆಲಸ ಬಿಟ್ಟರೆ ಹೊಸಬರಿಗೆ ತಲೆಬುಡ ತಿಳಿಯದು. 2011ರಲ್ಲಿ ಟೊರ್ವಾಲ್ಡ್ಸ್ ಈ ಆರ್ಮ್ ಗೊಂದಲದ ಬಗ್ಗೆ ಬಹಿರಂಗವಾಗಿಯೇ ಸಿಡಿಮಿಡಿಗೊಂಡರು.

ಪಿನ್ನುಗಳ ಮಟ್ಟಿಗೆ ದಾರಿ ಮಾಡಿದವರು ಸ್ವೀಡನ್ನಿನ ಎಂಜಿನಿಯರ್ ಲಿನಸ್ ವಾಲೆಯ್. ಅವರು ರೂಪಿಸಿದ ಪಿನ್‌ಕಂಟ್ರೋಲ್ ವ್ಯವಸ್ಥೆ 2012ರ ಜನವರಿಯಲ್ಲಿ ಹೊರಬಂದ ಲಿನಕ್ಸ್ 3.2ರಲ್ಲಿ ಸೇರಿತು. ಅದರ ನೇಮ ಸರಳ. ಪ್ರತಿ ಪಿನ್ನಿಗೂ ಸಂಖ್ಯೆ, ಹೆಸರು. ಒಟ್ಟಿಗೆ ದುಡಿಯುವ ಪಿನ್ನುಗಳಿಗೆ ಒಂದು ಗುಂಪು. ಯಾವ ಉಪಕರಣಕ್ಕೆ ಯಾವ ಗುಂಪು ಯಾವ ಪಾತ್ರದಲ್ಲಿ ಬೇಕೆಂಬುದಕ್ಕೆ ಒಂದು ಪಟ್ಟಿ. ಒಬ್ಬರು ಹಿಡಿದ ಪಿನ್ನನ್ನು ಇನ್ನೊಬ್ಬರು ಬೇರೆ ಕೆಲಸಕ್ಕೆ ಕೇಳಿದರೆ ಕರ್ನಲ್ ಒಪ್ಪುವುದಿಲ್ಲ. ಇದು ಬರೀ ಶಿಸ್ತಿನ ಮಾತಲ್ಲ. ಎರಡು ಕಡೆಯಿಂದ ಒಂದೇ ತಂತಿಯನ್ನು ವಿರುದ್ಧ ದಿಕ್ಕಿಗೆ ಎಳೆದಾಡಿದರೆ ಚಿಪ್ಪು ಸುಟ್ಟುಹೋಗಲೂಬಹುದು. 2013ರ 3.9ರಿಂದ, ಡ್ರೈವರ್ ಕೆಲಸ ಶುರುಮಾಡುವ ಮೊದಲೇ ಅದರ ಪಿನ್ನುಗಳನ್ನು ಕರ್ನಲ್ ತಾನಾಗಿ ಅಣಿಗೊಳಿಸತೊಡಗಿತು. ಉಪಕರಣ ಮಲಗುವಾಗ ಅವನ್ನು ಬೇರೊಂದು ಸ್ಥಿತಿಗಿಟ್ಟು ಬ್ಯಾಟರಿ ಉಳಿಸುವ ಅನುಕೂಲವೂ ಇದೆ.

ಪಟ್ಟಿಯ ಬೆಲೆ ತಿಳಿಯುವುದು ಏನಾದರೂ ಬದಲಾದಾಗ. ರಾಸ್ಪ್‌ಬೆರಿ ಪೈ ಬಂದ ವರ್ಷವೇ ಅದರ ಎರಡನೆಯ ಆವೃತ್ತಿಯ ಬೋರ್ಡೂ ಬಂತು. ಹೊರಗಿನ ತಂತಿ ಸೇರಿಸುವ ಸಾಲಿನಲ್ಲಿ 3 ಮತ್ತು 5ನೇ ಜಾಗಕ್ಕೆ ಬರುತ್ತಿದ್ದ ಚಿಪ್ಪಿನ 0 ಮತ್ತು 1ನೇ ಗೆರೆಗಳ ಬದಲು ಈಗ 2 ಮತ್ತು 3 ಬಂದವು. ನೋಡಲು ಅದೇ ಜಾಗ, ಒಳಗೆ ಬೇರೆ ತಂತಿ! ಹಳೆಯ ಸಂಖ್ಯೆಯನ್ನೇ ನಂಬಿದ ಪ್ರೋಗ್ರಾಮು ಅಲ್ಲಿ ನಡೆಯದು. ಲೆಕ್ಕ ಒಂದೇ ಕಡೆ ಬರೆದಿದ್ದರೆ ಆ ಒಂದು ಸಾಲು ತಿದ್ದಿದರೆ ಸಾಕು.

ಇದನ್ನು ಓದುವಾಗ ನನಗೆ ಯಂತ್ರಕ್ಕಿಂತ ಹೆಚ್ಚಾಗಿ ಕಾಡಿದ್ದು ತಿಳಿವಳಿಕೆಯ ಪ್ರಶ್ನೆ. ಒಬ್ಬರ ತಲೆಯಲ್ಲಷ್ಟೇ ಇರುವ ವಿದ್ಯೆ, ಅವರು ಇರುವ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ. ಯಾವ ಡಬ್ಬಿಯಲ್ಲಿ ಏನಿದೆ, ಯಾರಿಗೆ ಯಾವ ಮಾತ್ರೆ ಆಗದು ಎಂಬ ಲೆಕ್ಕವೂ ಒಂದು ವಿದ್ಯೆಯೆಂದು ಗೊತ್ತಾಗುವುದು ಮನೆಯಾಕೆ ಹಾಸಿಗೆ ಹಿಡಿದಾಗ. ಲಿನಕ್ಸಿನಲ್ಲಿ 2005ರಿಂದ ಗಿಟ್ ಎಂಬ ದಾಖಲೆ ಪುಸ್ತಕವಿದೆ. ಯಾವ ತಿದ್ದುಪಡಿಯನ್ನು ಯಾರು, ಎಂದು, ಏಕೆ ಮಾಡಿದರೆಂಬುದು ಅಲ್ಲಿ ಹೆಸರಿನೊಡನೆ ಇರುತ್ತದೆ. ಬರೆದಿಟ್ಟಿದ್ದರಿಂದ ಆ ಎಂಜಿನಿಯರುಗಳ ಗೌರವವೇನೂ ಕಡಿಮೆಯಾಗಲಿಲ್ಲ. ಕೆಲಸ ಮುಂದಿನವರಿಗೆ ದಾಟಿತು, ಹೆಸರೂ ಉಳಿಯಿತು.