ಆಟಕ್ಕುಂಟು, ಲೆಕ್ಕಕ್ಕಿಲ್ಲ: ಹವ್ಯಾಸಿ ಗಾಲ್ಫ್‌ ನಿಯಮಗಳ ಕಥೆ

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಂಥ ಊರುಗಳಲ್ಲಿ ಚಿನ್ನಿದಾಂಡು ಆಡಿ ಬೆಳೆದವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ದೊಡ್ಡ ಹುಡುಗರು ಎರಡು ಪಕ್ಷ ಕಟ್ಟುವಾಗ ಯಾರದೋ ಪುಟ್ಟ ತಮ್ಮ ತಾನೂ ಆಡುತ್ತೇನೆಂದು ಹಟ ಹಿಡಿಯುತ್ತಾನೆ. ಬೇಡವೆಂದರೆ ಅಳು, ಸೇರಿಸಿಕೊಂಡರೆ ಪಕ್ಷಕ್ಕೆ ಸೋಲು. ಆಗ ಹಿರಿಯ ಹುಡುಗನೊಬ್ಬ ತೀರ್ಪು ಕೊಡುತ್ತಾನೆ: ‘ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.’ ತಮ್ಮನಿಗೆ ಸಂತೋಷ, ಉಳಿದವರಿಗೆ ನೆಮ್ಮದಿ.

ನೆಲದಲ್ಲೊಂದು ಗುಳಿ, ಕೈಯಲ್ಲೊಂದು ಕೋಲು ಇರುವ ಇನ್ನೊಂದು ಆಟ ಗಾಲ್ಫ್. ಸಿರಿವಂತರ ಆಟವೆಂದೇ ನಮ್ಮಲ್ಲಿ ಅದಕ್ಕೆ ಹೆಸರು. ಆದರೆ ಚಿನ್ನಿದಾಂಡಿನ ಹುಡುಗರನ್ನು ಕಾಡಿದ ಪ್ರಶ್ನೆಯೇ ಗಾಲ್ಫ್ ಆಡುವವರನ್ನೂ ಮುನ್ನೂರು ವರ್ಷಗಳ ಹತ್ತಿರಹತ್ತಿರ ಕಾಡಿದೆ. ಬಲ್ಲವನೂ ಬಾರದವನೂ ಒಂದೇ ಮೈದಾನದಲ್ಲಿ ಹೇಗೆ ಆಡಬೇಕು? ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾರನ್ನು ಬಿಡಬೇಕು? ಹವ್ಯಾಸಿ ಗಾಲ್ಫ್ ಟೂರ್ನಿಯ ನಿಯಮಗಳು ಈ ಪ್ರಶ್ನೆಗೆ ಎರಡು ಉತ್ತರ ಕೊಟ್ಟಿವೆ. ಒಂದು ಉತ್ತರ ಬಹಳ ಉದಾರವಾದದ್ದು; ಇನ್ನೊಂದು ಬಹುಕಾಲ ಬಹಳ ಸಣ್ಣತನದ್ದಾಗಿತ್ತು.

ಹದಿಮೂರು ಕಲಮುಗಳು

ಗಾಲ್ಫ್‌ಗೆ ಬರೆದಿಟ್ಟ ಕಾಯಿದೆ ಬಂದದ್ದೇ ಒಂದು ಟೂರ್ನಿಯ ದೆಸೆಯಿಂದ. 1744ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದವರು ಲೀತ್ ಎಂಬಲ್ಲಿ ಆಡುತ್ತಿದ್ದ ಗಾಲ್ಫ್ ಆಟಗಾರರಿಗೆ ಬೆಳ್ಳಿಯ ಗಾಲ್ಫ್ ಕೋಲೊಂದನ್ನು ಬಹುಮಾನವಾಗಿ ಕೊಟ್ಟರು. ಸ್ಪರ್ಧೆಗೆ ಹೊರಗಿನವರೂ ಬರಬಹುದಾಗಿತ್ತು. ಒಂದೇ ಊರಿನವರು ಆಡುವಾಗ ಬಾಯಿಮಾತಿನ ಒಪ್ಪಂದ ಸಾಕು. ಪರವೂರಿನವರು ಬಂದರೆ ಬರವಣಿಗೆ ಬೇಕು. ಹೀಗೆ ಹದಿಮೂರು ಕಲಮುಗಳ ಕಾಯಿದೆ ಹುಟ್ಟಿತು. ಆ ವರ್ಷ ಗೆದ್ದವನು ಜಾನ್ ರಾಟ್ರೆ ಎಂಬ ಶಸ್ತ್ರವೈದ್ಯ.

ಹದಿನೆಂಟು ಗುಳಿಗಳ ಲೆಕ್ಕ ಬಂದದ್ದು ಆಮೇಲೆ. 1764ರಲ್ಲಿ ಸೇಂಟ್ ಆಂಡ್ರೂಸ್ ಮೈದಾನದವರು ಒಂದು ಸುತ್ತಿಗೆ 22 ಇದ್ದ ಗುಳಿಗಳನ್ನು 18ಕ್ಕೆ ಇಳಿಸಿದರು. ಮುಂದೆ ಲೋಕವೆಲ್ಲ ಅದನ್ನೇ ಅನುಸರಿಸಿತು.

ಬ್ರಿಟಿಷರ ಜೊತೆಯಲ್ಲಿ ಆಟ ಭಾರತಕ್ಕೂ ಬಂತು. 1829ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಗಾಲ್ಫ್ ಕ್ಲಬ್ ಬ್ರಿಟಿಷ್ ದ್ವೀಪಗಳ ಹೊರಗೆ ಅತಿ ಹಳೆಯದು. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ; ನಗರದ ಹೈಗ್ರೌಂಡ್ಸ್‌ನಲ್ಲಿ ಅದರ ಮೈದಾನ ಇಂದಿಗೂ ಇದೆ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸ್ ಆವರಣದಲ್ಲಿ ಜಯಚಾಮರಾಜ ಒಡೆಯರ್ ಹೆಸರಿನ ಗಾಲ್ಫ್ ಕ್ಲಬ್ ಇದೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ ಸೀಮೆಯಲ್ಲೂ ಮೈದಾನಗಳಿವೆ. ಅಖಿಲ ಭಾರತ ಹವ್ಯಾಸಿ ಚಾಂಪಿಯನ್‌ಷಿಪ್ ಶುರುವಾದದ್ದು 1892ರಲ್ಲಿ, ಕಲ್ಕತ್ತೆಯಲ್ಲಿ. ಆಟದ ಆಡಳಿತ ನೋಡಿಕೊಳ್ಳುವ ಭಾರತೀಯ ಗಾಲ್ಫ್ ಒಕ್ಕೂಟ ಬಂದದ್ದು ಸ್ವಾತಂತ್ರ್ಯದ ನಂತರ, 1955ರಲ್ಲಿ.

ಪಂದ್ಯ ನಡೆಯುವ ಬಗೆ

ಗಾಲ್ಫ್ ನೋಡದವರಿಗೆ ಅದರ ಟೂರ್ನಿ ಗೊಂದಲವೆನಿಸಬಹುದು. ಎದುರಾಳಿಗಳು ಒಬ್ಬರ ಚೆಂಡನ್ನು ಒಬ್ಬರು ಮುಟ್ಟುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಚೆಂಡನ್ನು ತಾವೇ ಹೊಡೆಯುತ್ತ 18 ಗುಳಿಗಳನ್ನು ಮುಗಿಸಬೇಕು. ಒಂದೊಂದು ಗುಳಿಗೂ ನುರಿತ ಆಟಗಾರನಿಗೆ ಇಷ್ಟು ಹೊಡೆತ ಸಾಕು ಎಂಬ ಅಂದಾಜು ಇರುತ್ತದೆ. ಇದೇ ‘ಪಾರ್’. ದೂರಕ್ಕೆ ತಕ್ಕಂತೆ ಅದು 3, 4 ಅಥವಾ 5. ಹದಿನೆಂಟೂ ಸೇರಿದರೆ ಸಾಮಾನ್ಯವಾಗಿ 70ರಿಂದ 72.

ಟೂರ್ನಿಯ ಮಾದರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಮ್ಯಾಚ್ ಪ್ಲೇ. ಇಲ್ಲಿ ಇಬ್ಬರ ನಡುವೆ ಪಂದ್ಯ; ಕಡಿಮೆ ಹೊಡೆತದಲ್ಲಿ ಗುಳಿ ಮುಗಿಸಿದವನಿಗೆ ಆ ಗುಳಿ ಸೇರುತ್ತದೆ. ಇನ್ನು ಎರಡೇ ಗುಳಿ ಉಳಿದಿರುವಾಗ ಒಬ್ಬ ಮೂರು ಗುಳಿ ಮುಂದಿದ್ದರೆ ಪಂದ್ಯ ಅಲ್ಲಿಗೇ ಮುಗಿಯಿತು. ಎರಡನೆಯದು ಸ್ಟ್ರೋಕ್ ಪ್ಲೇ. ಒಟ್ಟು ಹೊಡೆತಗಳನ್ನು ಕೂಡಿಸಿ, ಕಡಿಮೆ ಇದ್ದವನನ್ನು ಗೆದ್ದನೆನ್ನುವುದು ಇದರ ಕ್ರಮ. ನೂರಾರು ಮಂದಿಯ ಟೂರ್ನಿಗೆ ಇದೇ ಅನುಕೂಲ. ಆದರೆ ಒಂದೇ ಒಂದು ಗುಳಿಯಲ್ಲಿ ಹತ್ತು ಹನ್ನೆರಡು ಹೊಡೆತ ಹೋದರೆ ಇಡೀ ದಿನದ ಆಟ ಕೆಟ್ಟಂತೆ.

ಈ ಸಂಕಟಕ್ಕೆ ಮದ್ದು ಹುಡುಕಿದವರು ಇಂಗ್ಲೆಂಡಿನ ವೈದ್ಯ ಫ್ರಾಂಕ್ ಸ್ಟೇಬಲ್‌ಫರ್ಡ್. ಅವರ ಪದ್ಧತಿಯ ಸ್ಪರ್ಧೆ ವಾಲಸಿ ಕ್ಲಬ್ಬಿನಲ್ಲಿ 1932ರ ಮೇ 16ರಂದು ನಡೆಯಿತು. ಇದರಲ್ಲಿ ಎಣಿಸುವುದು ಹೊಡೆತಗಳನ್ನಲ್ಲ, ಅಂಕಗಳನ್ನು. ಪಾರ್‌ನಲ್ಲಿ ಮುಗಿಸಿದರೆ 2, ಒಂದು ಹೊಡೆತ ಹೆಚ್ಚಾದರೆ 1, ಒಂದು ಕಡಿಮೆಯಾದರೆ 3 ಅಂಕ. ಎರಡು ಅಥವಾ ಅದಕ್ಕಿಂತ ಹೆಚ್ಚು ಹೊಡೆತ ಮೀರಿದರೆ ಸೊನ್ನೆ. ಸೊನ್ನೆಗಿಂತ ಕೆಳಗೆ ಯಾರೂ ಹೋಗುವಂತಿಲ್ಲ. ಚೆಂಡೆತ್ತಿಕೊಂಡು ಮುಂದಿನ ಗುಳಿಗೆ ನಡೆದರಾಯಿತು. ಕ್ಲಬ್ಬುಗಳ ಹವ್ಯಾಸಿ ಟೂರ್ನಿಗಳಲ್ಲಿ ಈ ಮಾದರಿ ಇಷ್ಟು ಜನಪ್ರಿಯವಾಗಲು ಕಾರಣ ಇದೇ. ಒಂದು ತಪ್ಪಿಗೆ ದಿನವೆಲ್ಲ ಅಳಬೇಕಾಗಿಲ್ಲ.

ಇಬ್ಬರು ಸಮನಾದರೆ ಕೊನೆಯ 9 ಗುಳಿಗಳ ಲೆಕ್ಕ ನೋಡುತ್ತಾರೆ. ಅಲ್ಲೂ ಸಮವಾದರೆ ಕೊನೆಯ 6, ಕೊನೆಯ 3, ಕೊನೆಗೆ ಹದಿನೆಂಟನೆಯ ಗುಳಿ. ಲೆಕ್ಕ ಬರೆಯುವವನು ಜೊತೆ ಆಟಗಾರ. ಅದನ್ನು ಪರಿಶೀಲಿಸಿ ಸಹಿ ಹಾಕುವ ಹೊಣೆ ಆಡಿದವನದೇ. ಒಂದು ಗುಳಿಯಲ್ಲಿ ಆಡಿದ್ದಕ್ಕಿಂತ ಹೆಚ್ಚು ಹೊಡೆತ ಬರೆದು ಸಹಿ ಮಾಡಿದರೆ ಆ ಹೆಚ್ಚಿನ ಲೆಕ್ಕವೇ ಗಟ್ಟಿ. ಕಡಿಮೆ ಬರೆದಿದ್ದರೆ ಸ್ಪರ್ಧೆಯಿಂದಲೇ ಹೊರಗೆ. ಸಾಮಾನ್ಯ ಟೂರ್ನಿಯಲ್ಲಿ ಪ್ರತಿ ಆಟಗಾರನ ಹಿಂದೆ ಅಂಪೈರ್ ಇರುವುದಿಲ್ಲ. 1925ರ ಅಮೆರಿಕನ್ ಓಪನ್‌ನಲ್ಲಿ ಹವ್ಯಾಸಿ ಆಟಗಾರ ಬಾಬಿ ಜೋನ್ಸ್ ತನ್ನ ಚೆಂಡು ಕದಲಿತೆಂದು ತಾನೇ ಹೇಳಿ ಒಂದು ಹೊಡೆತದ ದಂಡ ತೆತ್ತ. ನಿಗದಿತ ಸುತ್ತುಗಳಲ್ಲಿ ಸಮಬಲವಾಗಿ, ಕೊನೆಗೆ ಪ್ಲೇಆಫ್‌ನಲ್ಲಿ ಸೋತ. ಆ ಒಂದು ಹೊಡೆತವನ್ನು ಮುಚ್ಚಿಟ್ಟಿದ್ದರೆ ಪ್ರಶಸ್ತಿ ಅವನದಾಗುತ್ತಿತ್ತು.

ಹ್ಯಾಂಡಿಕ್ಯಾಪ್ ಎಂಬ ತಕ್ಕಡಿ

ಬಲ್ಲವನಿಗೂ ಬಾರದವನಿಗೂ ಸರಿಸಮನಾದ ಪಂದ್ಯ ಏರ್ಪಡಿಸುವ ಉಪಾಯವೇ ಹ್ಯಾಂಡಿಕ್ಯಾಪ್. ಕುದುರೆ ರೇಸು ಬಲ್ಲವರಿಗೆ ಈ ಮಾತು ಹೊಸದಲ್ಲ. ಅಲ್ಲಿ ಓಡುವ ಕುದುರೆಗೆ ಹೆಚ್ಚು ಭಾರ ಹೊರಿಸುತ್ತಾರೆ. ಗಾಲ್ಫ್‌ನಲ್ಲಿ ಮಾತ್ರ ಬಲ್ಲವನ ಮೇಲೆ ಭಾರ ಹೇರುವುದಿಲ್ಲ. ಬಾರದವನ ಭಾರ ಇಳಿಸುತ್ತಾರೆ.

ಒಂದು ಉದಾಹರಣೆ ನೋಡೋಣ. ಕಾಫಿ ಸೀಮೆಯ ಕ್ಲಬ್ಬೊಂದರ ಟೂರ್ನಿಯಲ್ಲಿ ಒಬ್ಬರು ಡಾಕ್ಟರು, ಒಬ್ಬರು ತೋಟದ ಯಜಮಾನರು ಆಡುತ್ತಿದ್ದಾರೆನ್ನಿ. ಡಾಕ್ಟರರ ಹ್ಯಾಂಡಿಕ್ಯಾಪ್ 6, ಯಜಮಾನರದು 20. ಡಾಕ್ಟರು 79 ಹೊಡೆತಗಳಲ್ಲಿ ಸುತ್ತು ಮುಗಿಸಿದರು, ಯಜಮಾನರು 91ರಲ್ಲಿ. ಒಟ್ಟು ಹೊಡೆತಗಳ ಲೆಕ್ಕದಲ್ಲಿ ಡಾಕ್ಟರದೇ ಗೆಲುವು. ಹ್ಯಾಂಡಿಕ್ಯಾಪ್ ಕಳೆದರೆ ಡಾಕ್ಟರಿಗೆ 73, ಯಜಮಾನರಿಗೆ 71. ನಿವ್ವಳ ಲೆಕ್ಕದ ಕಪ್ ಯಜಮಾನರ ಮನೆಗೆ. ಅದಕ್ಕೇ ಹವ್ಯಾಸಿ ಟೂರ್ನಿಗಳಲ್ಲಿ ‘ಗ್ರಾಸ್’ ಮತ್ತು ‘ನೆಟ್’ ಎಂದು ಎರಡು ಬಹುಮಾನಗಳಿರುತ್ತವೆ. ಇವರಿಬ್ಬರೇ ಮ್ಯಾಚ್ ಪ್ಲೇ ಆಡಿದರೆ, ವ್ಯತ್ಯಾಸದ 14 ಹೊಡೆತಗಳನ್ನು ಅತಿ ಕಷ್ಟದ 14 ಗುಳಿಗಳಲ್ಲಿ ಒಂದೊಂದರಂತೆ ಯಜಮಾನರಿಗೆ ಬಿಟ್ಟುಕೊಡಬಹುದು.

ಈ ಸಂಖ್ಯೆಯನ್ನು ಯಾರೂ ಮುಖ ನೋಡಿ ಕೊಡುವಂತಿಲ್ಲ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯ ಪ್ರಕಾರ ಆಟಗಾರನ ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯೇ ಆಧಾರ. ಮೈದಾನದ ಕಷ್ಟಕ್ಕೂ ಅಂಕಿಯಿದೆ. 113 ಎಂದರೆ ಸಾಧಾರಣ ಕಷ್ಟದ ಮೈದಾನ. ಅದಕ್ಕಿಂತ ಹೆಚ್ಚಿದ್ದರೆ ಬಾರದವನಿಗೆ ಸಿಗುವ ರಿಯಾಯಿತಿಯೂ ಹೆಚ್ಚುತ್ತದೆ. ಗಂಡಸಿರಲಿ ಹೆಂಗಸಿರಲಿ, ಹ್ಯಾಂಡಿಕ್ಯಾಪಿನ ಗರಿಷ್ಠ ಮಿತಿ 54. ಎಂದರೆ ಗುಳಿಗೆ ಮೂರು ಹೊಡೆತ ಹೆಚ್ಚು ತೆಗೆದುಕೊಳ್ಳುವವನಿಗೂ ಸ್ಪರ್ಧೆಯಲ್ಲಿ ಸ್ಥಾನವಿದೆ. ಚಿನ್ನಿದಾಂಡಿನ ಪುಟ್ಟ ತಮ್ಮ ಇಲ್ಲಿ ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು.

ಹವ್ಯಾಸಿ ಎಂದರೆ ಯಾರು?

ಕೌಶಲದ ವಿಷಯದಲ್ಲಿ ಇಷ್ಟು ಉದಾರವಾದ ಆಟ, ಮನುಷ್ಯರ ವಿಷಯದಲ್ಲಿ ಹಾಗಿರಲಿಲ್ಲ. 1885ರಲ್ಲಿ ಇಂಗ್ಲೆಂಡಿನ ಹಾಯ್ಲೇಕ್‌ನಲ್ಲಿ ಹವ್ಯಾಸಿಗಳ ದೊಡ್ಡ ಟೂರ್ನಿಯೊಂದು ನಡೆಯಿತು. ಬ್ರಿಟಿಷ್ ಹವ್ಯಾಸಿ ಚಾಂಪಿಯನ್‌ಷಿಪ್‌ನ ಆರಂಭ ಅದು. ಡಗ್ಲಸ್ ರೋಲಂಡ್ ಎಂಬ ಕಲ್ಲುಕುಟಿಗ ಅದಕ್ಕೆ ಹೆಸರು ಕೊಟ್ಟಿದ್ದ. ಹಿಂದಿನ ವರ್ಷದ ಓಪನ್ ಪಂದ್ಯದಲ್ಲಿ ಎರಡನೆಯ ಸ್ಥಾನ ಪಡೆದು ಬಹುಮಾನದ ಹಣ ತೆಗೆದುಕೊಂಡಿದ್ದಾನೆಂದು ಅವನ ಪ್ರವೇಶ ತಿರಸ್ಕೃತವಾಯಿತು. ಅದೇ ಊರಿನ ಹೋಟೆಲ್ ಮಾಲೀಕನ ಮಗ ಜಾನ್ ಬಾಲ್ ಕೂಡ ಹದಿನಾರರ ವಯಸ್ಸಿನಲ್ಲಿ, 1878ರ ಓಪನ್‌ನಲ್ಲಿ ಸಣ್ಣ ಮೊತ್ತದ ಬಹುಮಾನ ಪಡೆದಿದ್ದ. ಅವನಿಗೆ ಅಡ್ಡಿಯಾಗಲಿಲ್ಲ.

ಮರುವರ್ಷ ‘ಹವ್ಯಾಸಿ’ ಎಂಬ ಪದಕ್ಕೆ ಲಿಖಿತ ವ್ಯಾಖ್ಯೆ ಬಂತು. ಐದು ವರ್ಷಗಳಿಂದೀಚೆಗೆ ಹಣದ ಬಹುಮಾನಕ್ಕೆ ಆಡಿದವನು ಹವ್ಯಾಸಿಯಲ್ಲ. ಈ ಐದು ವರ್ಷಗಳ ಗಡಿಯಿಂದಾಗಿ ಬಾಲ್ ಒಳಗುಳಿದ, ರೋಲಂಡ್ ಹೊರಗುಳಿದ. ಜೊತೆಗೆ, ಕೋಲು ಚೆಂಡು ಮಾಡಿ ಮಾರಿದವನೂ ಅಲ್ಲ. ಹದಿನೈದು ವರ್ಷ ದಾಟಿದ ಮೇಲೆ ಕೂಲಿಗೆ ಬೇರೆಯವರ ಕೋಲು ಹೊತ್ತವನೂ ಅಲ್ಲ. ಬಾಲ್ ಮುಂದೆ ಎಂಟು ಬಾರಿ ಹವ್ಯಾಸಿ ಚಾಂಪಿಯನ್ ಆದ. 1890ರಲ್ಲಿ ಓಪನ್ ಗೆದ್ದ ಮೊದಲ ಹವ್ಯಾಸಿಯೂ ಆದ. ಅವನ ಆಟದ ಬಗ್ಗೆ ಎರಡು ಮಾತಿಲ್ಲ. ಆದರೆ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು ಎಂಬುದನ್ನು ಗಮನಿಸಬೇಕು. ಹೊಟ್ಟೆಪಾಡಿಗಾಗಿ ಆಟವನ್ನು ಮುಟ್ಟಿದವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಅಮೆರಿಕದಲ್ಲೂ ಇದೇ ಬಿಗಿ ಇತ್ತು. ಕ್ಯಾಡಿಯಾಗಿದ್ದ, ಇಪ್ಪತ್ತು ವರ್ಷದ ಹವ್ಯಾಸಿ ಫ್ರಾನ್ಸಿಸ್ ವಿಮೆಟ್ 1913ರಲ್ಲಿ ಅಮೆರಿಕನ್ ಓಪನ್ ಗೆದ್ದು ಮನೆಮಾತಾದ. ಆದರೂ ಆಟದ ಸಾಮಾನಿನ ಅಂಗಡಿ ಇಟ್ಟನೆಂಬ ಕಾರಣಕ್ಕೆ 1916ರಲ್ಲಿ ಅವನ ಹವ್ಯಾಸಿ ಸ್ಥಾನವನ್ನು ಕಿತ್ತುಕೊಂಡರು. ಅದು ಮರಳಿ ಸಿಕ್ಕಿದ್ದು 1918ರಲ್ಲಿ.

ಬ್ಯಾಗ್ ಹೊತ್ತವರು

ಭಾರತದಲ್ಲಿ ಈ ಗೆರೆ ಇನ್ನೂ ದಪ್ಪವಾಗಿತ್ತು. ಬ್ರಿಟಿಷರ ಕಾಲದ ಕ್ಲಬ್ಬುಗಳಿಗೆ ಭಾರತೀಯರು ಬಹುಪಾಲು ಹೋದದ್ದು ಹುಲ್ಲು ಕತ್ತರಿಸಲು, ಬ್ಯಾಗ್ ಹೊರಲು. ಸ್ವಾತಂತ್ರ್ಯ ಬಂದ ಮೇಲೆ ಸದಸ್ಯರ ಪಟ್ಟಿ ಬದಲಾಯಿತು. ಬ್ಯಾಗ್ ಹೊರುವವರು ಮಾತ್ರ ಬದಲಾಗಲಿಲ್ಲ. ಮೈದಾನದ ಅಕ್ಕಪಕ್ಕದ ಹಳ್ಳಿಗಳ, ಬಡಾವಣೆಗಳ ಹುಡುಗರು ಕ್ಯಾಡಿಗಳಾದರು. ಯಾವ ದೂರಕ್ಕೆ ಯಾವ ಕೋಲು, ಹುಲ್ಲು ಯಾವ ಕಡೆಗೆ ವಾಲಿದೆ, ಗಾಳಿ ಚೆಂಡನ್ನು ಎಲ್ಲಿಗೆ ತಳ್ಳುತ್ತದೆ ಎಂಬುದನ್ನು ಯಜಮಾನನಿಗಿಂತ ಚೆನ್ನಾಗಿ ಬಲ್ಲವರು ಅವರು. ಸ್ಕೋರ್ ಕಾರ್ಡಿನಲ್ಲಿ ಅವರ ಹೆಸರಿಗೆ ಜಾಗವಿರಲಿಲ್ಲ.

ಇಂಡಿಯನ್ ಓಪನ್‌ನ ಪಟ್ಟಿ ಈ ಕಥೆಯನ್ನು ಮೂರು ಹೆಸರುಗಳಲ್ಲಿ ಹೇಳುತ್ತದೆ. 1965ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ಪಿ.ಜಿ. ಸೇಥಿ ಹವ್ಯಾಸಿ ಆಟಗಾರ. ಮತ್ತೊಬ್ಬ ಭಾರತೀಯ ಗೆಲ್ಲಲು 1991ರವರೆಗೆ ಕಾಯಬೇಕಾಯಿತು. ಗೆದ್ದವರು ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್. 2009ರಲ್ಲಿ ಗೆದ್ದವರು ಬೆಂಗಳೂರಿನಲ್ಲಿ ಕ್ಯಾಡಿಯಾಗಿ ದುಡಿದಿದ್ದ ಸಿ. ಮುನಿಯಪ್ಪ. ಬಿಡದಿ ಬಳಿಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ಹವ್ಯಾಸಿ ಪಂದ್ಯಗಳಲ್ಲಿ ಆಡಿಯೇ ಬೆಳಕಿಗೆ ಬಂದು, 2012ರಲ್ಲಿ ವೃತ್ತಿಪರರಾದರು.

ಅಲಿ ಶೇರ್, ಮುನಿಯಪ್ಪ ಇಬ್ಬರೂ ಹೆಸರು ಮಾಡಿದ್ದು ವೃತ್ತಿಪರರಾಗಿ ಎಂಬುದು ಆಕಸ್ಮಿಕವಲ್ಲ. ಹವ್ಯಾಸಕ್ಕೆ ಬಿಡುವು ಬೇಕು, ಚಂದಾ ಕಟ್ಟಲು ಹಣ ಬೇಕು. ದಿನಗೂಲಿಯ ಹುಡುಗನಿಗೆ ಆಟ ಒಲಿದರೂ ಅದು ಅನ್ನ ಕೊಡಲೇಬೇಕು. ಸಿರಿವಂತ ಸೋತರೂ ಹವ್ಯಾಸಿಯಾಗಿಯೇ ಉಳಿಯಬಲ್ಲ. ಬಡವನಿಗೆ ಗೆದ್ದರೆ ಮಾತ್ರ ಆಟದಲ್ಲಿ ಜಾಗ.

ಗೆರೆ ಅಳಿದ ಮೇಲೆ

ಕಾಯಿದೆ ಈಗ ಸಾಕಷ್ಟು ಸಡಿಲವಾಗಿದೆ. 2022ರಲ್ಲಿ ಪರಿಷ್ಕರಿಸಿದ ಹವ್ಯಾಸಿ ನಿಯಮಗಳಲ್ಲಿ ಬಹುಮಾನದ ಮಿತಿಯನ್ನು 700 ಪೌಂಡ್ ಅಥವಾ 1000 ಡಾಲರಿಗೆ ನಿಗದಿ ಮಾಡಲಾಯಿತು. ಹ್ಯಾಂಡಿಕ್ಯಾಪ್ ಇಲ್ಲದ ಸ್ಪರ್ಧೆಯಾದರೆ ಇಷ್ಟನ್ನು ನಗದಾಗಿಯೇ ಪಡೆಯಬಹುದು. ಪ್ರಾಯೋಜಕರ ನೆರವು ಪಡೆಯುವುದೂ ಈಗ ತಪ್ಪಲ್ಲ. ಹಣಕ್ಕೆ ಆಟ ಕಲಿಸಿದರೆ, ವೃತ್ತಿಪರನಾಗಿ ಆಡಿದರೆ ಹವ್ಯಾಸಿ ಸ್ಥಾನ ಹೋಗುತ್ತದೆ. ಬ್ಯಾಗ್ ಹೊತ್ತ ಕಾರಣಕ್ಕೆ ಹೋಗುವುದಿಲ್ಲ.

ಬ್ಯಾಗ್ ಹೊರುವುದರ ಅರ್ಥವೂ ಬದಲಾಗಿದೆ. ಬೆಂಗಳೂರಿನ ಅದಿತಿ ಅಶೋಕ್ ಹವ್ಯಾಸಿಯಾಗಿ ಬ್ರಿಟನ್ನಿನಲ್ಲಿ ಪ್ರಶಸ್ತಿ ಗೆದ್ದು, 2016ರಲ್ಲಿ ವೃತ್ತಿಪರ ಆಟಕ್ಕೆ ಕಾಲಿಟ್ಟವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದಾಗ ದೇಶವೆಲ್ಲ ಬೆಳಗಿನ ಜಾವವೇ ಎದ್ದು ಟಿ.ವಿ. ಮುಂದೆ ಕೂತಿತ್ತು. ಅಂದು ಅವರ ಬ್ಯಾಗ್ ಹೊತ್ತು ನಡೆದ ಕ್ಯಾಡಿ ಅವರ ತಾಯಿ. ಹಿಂದಿನ ಒಲಿಂಪಿಕ್ಸ್‌ನಲ್ಲಿ ಹೊತ್ತವರು ತಂದೆ.

ಹಾಗೆಂದು ಎಲ್ಲ ಸರಿಹೋಯಿತೆನ್ನುವಂತಿಲ್ಲ. ಕಾಯಿದೆಯ ಪುಸ್ತಕದಿಂದ ಅಳಿದ ಗೆರೆ ಕ್ಲಬ್ಬಿನ ಗೇಟಿನಲ್ಲಿ, ಸದಸ್ಯತ್ವದ ಶುಲ್ಕದಲ್ಲಿ, ಕೋಲುಗಳ ಬೆಲೆಯಲ್ಲಿ ಇನ್ನೂ ಉಳಿದಿದೆ. 54ರ ಹ್ಯಾಂಡಿಕ್ಯಾಪ್ ಆಟ ಬಾರದವನಿಗೆ ಗುಳಿಗೆ ಮೂರು ಹೊಡೆತ ಬಿಟ್ಟುಕೊಡುತ್ತದೆ. ಮೈದಾನದ ಬೇಲಿಯಾಚೆ ನಿಂತವನಿಗೆ ಬಿಟ್ಟುಕೊಡಬೇಕಾದದ್ದು ಎಷ್ಟೆಂದು ಯಾವ ಸೂತ್ರವೂ ಹೇಳುವುದಿಲ್ಲ. ಬಾಗೂರಿನಂಥ ಊರಿನ ಹುಡುಗರ ಚಿನ್ನಿದಾಂಡಿಗೆ ಶುಲ್ಕವಿಲ್ಲ, ಬೇಲಿಯಿಲ್ಲ. ಅಲ್ಲಿ ‘ಲೆಕ್ಕಕ್ಕಿಲ್ಲ’ ಎನ್ನಿಸಿಕೊಂಡ ಪುಟ್ಟ ತಮ್ಮ ಎರಡು ವರ್ಷಕ್ಕೆ ದೊಡ್ಡವನಾಗಿ ತಾನೇ ಪಕ್ಷ ಕಟ್ಟುತ್ತಾನೆ. ಬ್ಯಾಗ್ ಹೊತ್ತ ಹುಡುಗನಿಗೆ ಆ ಸರದಿ ಬರಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.