ಹೊಗೆಸೊಪ್ಪೂ ಒಳಮನಸ್ಸೂ

ಬೀಡಿ, ಸಿಗರೇಟು ಆರೋಗ್ಯಕ್ಕೆ ಕೇಡೆಂದು ತಿಳಿಯದ ಧೂಮಪಾನಿ ಇಂದು ಅಪರೂಪ. ಆದರೂ ಬಿಡುವುದೇಕೆ ಇಷ್ಟು ಕಷ್ಟ? ನಿಕೋಟಿನ್ನಿನ ಹಿಡಿತ ಬಲವಾದದ್ದು, ನಿಜ. ಅದರ ಜೊತೆಗೆ ನಮಗೇ ಅರಿವಿಲ್ಲದೆ ಒಳಮನಸ್ಸಿನಲ್ಲಿ ನೆಲೆಸಿದ ಒಲವೂ ಒಂದಿದೆ. ಅದಕ್ಕೆ ನಮ್ಮ ನಾಡಿನಲ್ಲಿ ನಾಲ್ಕು ಶತಮಾನಗಳ ಇತಿಹಾಸವಿದೆ.

ಹೊಗೆಸೊಪ್ಪು ಈ ನೆಲದ ಗಿಡವಲ್ಲ, ಅಮೆರಿಕ ಖಂಡದ್ದು. ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂತು. ಮೊಗಲ್ ದೊರೆ ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ಅದನ್ನು ಕಂಡದ್ದು ನಮ್ಮ ಬಿಜಾಪುರದಲ್ಲಿ. ಅಲ್ಲಿಂದ ರತ್ನಖಚಿತ ಹುಕ್ಕಾ ಸಮೇತ ದರಬಾರಿಗೆ ಒಯ್ದ. ಅಕ್ಬರ್ ಒಂದೆರಡು ಬಾರಿ ಎಳೆದ. ಪರೀಕ್ಷಿಸದ ವಸ್ತುವೆಂದು ವೈದ್ಯ ತಡೆದ. ಚಕ್ರವರ್ತಿ ರೂಢಿ ಮಾಡಿಕೊಳ್ಳಲಿಲ್ಲ, ಆದರೆ ಸರದಾರರು ಬಿಡಲಿಲ್ಲ. 1617ರಲ್ಲಿ ಜಹಾಂಗೀರ್ ನಿಷೇಧಿಸಿದ, ಹೊಗೆ ಆರಲಿಲ್ಲ. ವೈದ್ಯನ ಮಾತಿಗಿಂತ ದರಬಾರಿನ ಪ್ರತಿಷ್ಠೆ ದೊಡ್ಡದಾಯಿತೆಂದು ನನ್ನ ಊಹೆ.

ಹೀಗೆ ಪ್ರತಿಷ್ಠೆಯಾಗಿ ಒಳಹೊಕ್ಕ ಸೊಪ್ಪು ಅರಕಲಗೂಡು ತಾಲ್ಲೂಕಿನಲ್ಲಿ ಬದುಕಾಗಿ ಬೇರೂರಿದೆ. ಇಲ್ಲಿನದು ಸಿಗರೇಟಿಗೆಂದೇ ಬೆಳೆಯುವ ವರ್ಜೀನಿಯಾ ತಂಬಾಕು. ಬ್ಯಾರನ್ನಿನಲ್ಲಿ ಸೌದೆ ಉರಿಸಿ, ಸುಮಾರು ಒಂದು ವಾರ ಹದಮಾಡಿ, ರಾಮನಾಥಪುರದ ಹರಾಜು ಮಾರುಕಟ್ಟೆಗೆ ತರುತ್ತಾರೆ. ತಂಬಾಕು ಮಂಡಳಿ ಸ್ಥಾಪನೆಯಾದದ್ದು 1976ರಲ್ಲಿ. ಕರ್ನಾಟಕದಲ್ಲಿ ಅದರ ಹರಾಜು ಆರಂಭವಾದದ್ದು 1984ರಲ್ಲಿ. ಮಗನ ಓದು, ಮಗಳ ಮದುವೆ, ಕೈಸಾಲದ ತೀರುವಳಿ ಎಲ್ಲವೂ ಅಲ್ಲಿ ಕೂಗುವ ದರದ ಮೇಲೆ. ಬ್ಯಾರನ್ನಿನ ವಾಸನೆಯೆಂದರೆ ದುಡ್ಡಿನ ವಾಸನೆ. ಅಂಥ ಮನೆಯಲ್ಲಿ ಬೆಳೆದವನಿಗೆ ಸೊಪ್ಪು ಶತ್ರುವಾಗಿ ಕಾಣುವುದಾದರೂ ಹೇಗೆ?

ಇಂಥ ಒಳ ಒಲವನ್ನು ಅಳೆಯುವ ಪರೀಕ್ಷೆಯೊಂದನ್ನು ಅಮೆರಿಕದ ಆಂಟನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಚಿತ್ರಗಳನ್ನೂ ಒಳ್ಳೆಯ, ಕೆಟ್ಟ ಪದಗಳನ್ನೂ ಗುಂಡಿ ಒತ್ತಿ ಬೇಗಬೇಗ ವಿಂಗಡಿಸಬೇಕು. ಮನಸ್ಸಿನಲ್ಲಿ ಮೊದಲೇ ಜೊತೆಗೂಡಿದ ವಿಷಯಗಳಿಗೆ ಬೆರಳು ತುಸು ಬೇಗ ಓಡುತ್ತದೆ. ಒಬ್ಬೊಬ್ಬರ ಮೇಲೆ ತೀರ್ಪು ಕೊಡುವಷ್ಟು ಇದು ನಿಖರವಲ್ಲ, ವಿಜ್ಞಾನಿಗಳಲ್ಲೇ ವಾದವಿದೆ. ಆದರೂ 2010ರಲ್ಲಿ ಲಾರಿ ಚಾಸಿನ್ ಮುಂತಾದವರು ಕಂಡುಕೊಂಡದ್ದು ಗಮನಾರ್ಹ. ಧೂಮಪಾನ ಹತೋಟಿಗೆ ತರಲು ಹೋಗಿ ಹೆಚ್ಚು ಸೋಲದವರಲ್ಲಿ, ಯಾರು ಬಿಡುತ್ತಾರೆಂಬುದನ್ನು ಅವರ ಬಾಯಿಮಾತಿನ ಅಭಿಪ್ರಾಯವೇ ಸೂಚಿಸಿತು. ಮತ್ತೆ ಮತ್ತೆ ಸೋತವರಲ್ಲಿ ಆ ಮಾತಿಗೆ ಬೆಲೆಯಿರಲಿಲ್ಲ. ಅಲ್ಲಿ ಒಳಮನಸ್ಸಿನ ಧೋರಣೆ ಮುನ್ಸೂಚನೆ ಕೊಟ್ಟಿತು. ಅದೂ ಬಿಡುವ ಯೋಜನೆ ಹಾಕಿಕೊಂಡವರಲ್ಲಿ ಮಾತ್ರ.

ಯೋಜನೆಯೆಂದರೆ ಬರೀ ಶಪಥವಲ್ಲ ಎಂಬುದು ನನ್ನ ಅಭಿಪ್ರಾಯ. ಹರಾಜಿನ ದಿನ ಗೆಳೆಯ ಪ್ಯಾಕು ಚಾಚಿದರೆ ಏನೆನ್ನಬೇಕು, ಊಟವಾದ ಮೇಲೆ ಖಾಲಿ ಕೈಗೆ ಏನು ಕೊಡಬೇಕು ಎಂಬಷ್ಟರ ಮಟ್ಟಿಗೆ ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಂಡಿರುವುದು.